ರಿಪೋರ್ಟ್ ನಾರ್ಮಲ್ ಅಂತ ಏದುಸಿರು ಸುಳ್ಳಾಗಲ್ಲ

2003ರ ಜೂನ್‌ನಲ್ಲಿ ಇರಾಕಿನ ಮೊಸುಲ್ ಹತ್ತಿರ, ಮಿಶ್ರಾಕ್‌ನ ಗಂಧಕದ ಗಣಿಗೆ ಬೆಂಕಿ ಬಿತ್ತು. ಹೆಚ್ಚೂಕಡಿಮೆ ಒಂದು ತಿಂಗಳು ಉರಿಯಿತು. ಆರಿಸಲು ಹೋದವರಲ್ಲಿ ಅಮೆರಿಕದ ಸೇನೆಯ ಅಗ್ನಿಶಾಮಕ ಸಿಬ್ಬಂದಿಯೂ ಇದ್ದರು. ಗಂಧಕ ಉರಿದರೆ ಸಲ್ಫರ್ ಡೈಆಕ್ಸೈಡ್ ಏಳುತ್ತದೆ. ತೇವ ಸಿಕ್ಕರೆ ಅದು ಆಮ್ಲವಾಗುತ್ತದೆ. ಮೂಗಿನಿಂದ ಶ್ವಾಸಕೋಶದವರೆಗೂ ತೇವವೇ ಅಲ್ವಾ? ಬೆನ್ನಿಗೆ ಕಟ್ಟುವ ಗಾಳಿಯ ಸಿಲಿಂಡರ್ ಸಾಮಾನ್ಯವಾಗಿ ಬರುವುದು ಅರ್ಧ ಗಂಟೆಯಿಂದ ಒಂದು ಗಂಟೆ. ತಿಂಗಳಿಡೀ ಉರಿಯುವ ಬೆಂಕಿಗೆ ಅದು ಯಾವ ಮೂಲೆಗೆ?

ಬೆಂಕಿ ಆರಿಸಿ ಕ್ಯಾಂಪಿಗೆ ಬಂದರೂ ಹೊಗೆ ತಪ್ಪಿದ್ದಲ್ಲ. ಇರಾಕಿನಲ್ಲೇ ಇದ್ದ ಅಮೆರಿಕದ ಬಲದ್ ಸೇನಾ ನೆಲೆಯಲ್ಲಿ ಪ್ಲಾಸ್ಟಿಕ್ಕು, ಆಸ್ಪತ್ರೆಯ ಕಸ ಎಲ್ಲವನ್ನೂ ಬಯಲಿನ ಗುಂಡಿಗೆ ಸುರಿದು, ವಿಮಾನದ ಇಂಧನ ಹಾಕಿ ಸುಡುತ್ತಿದ್ದರು. ಅದೇ ಗಾಳಿಯಲ್ಲಿ ಊಟ, ನಿದ್ದೆ, ಓಟ.

ಯುದ್ಧಕ್ಕೆ ಮುಂಚೆ ಎರಡು ಮೈಲಿ ಓಟವನ್ನು ಸಲೀಸಾಗಿ ಮುಗಿಸುತ್ತಿದ್ದ ಯೋಧರು, ಮರಳಿದ ಮೇಲೆ ಅದೇ ಓಟದಲ್ಲಿ ಫೇಲ್ ಆದರು. ಎಕ್ಸ್‌ರೇ ಕ್ಲಿಯರ್. ಶ್ವಾಸಕೋಶದ ಬಲ ಅಳೆಯಲು ಊದಿಸಿ ನೋಡುವ ಪರೀಕ್ಷೆಯೂ ಹೆಚ್ಚಿನವರಲ್ಲಿ ನಾರ್ಮಲ್. ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಡಾ. ರಾಬರ್ಟ್ ಮಿಲ್ಲರ್ ತಂಡ ಅಷ್ಟಕ್ಕೇ ಬಿಡಲಿಲ್ಲ. ಅವರು 2011ರಲ್ಲಿ ಪ್ರಕಟಿಸಿದ ವರದಿ ಪ್ರಕಾರ, ಬಂದಿದ್ದ 80 ಯೋಧರಲ್ಲಿ 49 ಮಂದಿಗೆ ಶ್ವಾಸಕೋಶದ ತುಣುಕು ತೆಗೆದು ಪರೀಕ್ಷಿಸಿದರು. 38 ಮಂದಿಯಲ್ಲಿ ಕನ್‌ಸ್ಟ್ರಿಕ್ಟಿವ್ ಬ್ರಾಂಕಿಯೋಲೈಟಿಸ್ ಸಿಕ್ಕಿತು. ತೀರಾ ಸಣ್ಣ ಶ್ವಾಸನಾಳಗಳ ಗೋಡೆಯಲ್ಲಿ ಗಾಯದ ಕಲೆ ಬೆಳೆದು ದಾರಿ ಕಿರಿದಾಗುವ ಕಾಯಿಲೆ ಇದು. ಕಲೆ ಬಿದ್ದದ್ದು ಮತ್ತೆ ಮೊದಲಿನಂತಾಗಲ್ಲ. ಇವರಲ್ಲಿ ಬಹಳಷ್ಟು ಮಂದಿ ಮಿಶ್ರಾಕ್ ಹೊಗೆ ಕುಡಿದವರು.

ನನಗೆ ಸಿಟ್ಟು ಬರುವುದು ಇಲ್ಲೇ. ಎದೆಗೆ ಕತ್ತರಿ ಹಾಕಿಸಿಕೊಂಡ ಮೇಲಷ್ಟೇ ಇವರ ಮಾತು ನಂಬಬೇಕಿತ್ತಾ? ಮಿಶ್ರಾಕ್‌ನಲ್ಲಿ ಬೆಂಕಿ ಆರಿಸಿದವರ ವೈದ್ಯಕೀಯ ದಾಖಲೆಗಳನ್ನು ಸೇನೆಯ ಕಡೆಯವರೂ ಪರಿಶೀಲಿಸಿದರು. ಆ ಬೆಂಕಿಗೂ ಉಸಿರಾಟದ ಕಾಯಿಲೆಗೂ ಖಚಿತ ನಂಟು ಅವರಿಗೆ ಕಾಣಲಿಲ್ಲ. ಆದರೆ ಡಾಕ್ಟರ ಹತ್ತಿರ ಹೋಗಿ ಹೇಳಿಕೊಳ್ಳದವನ ಏದುಸಿರು ಯಾವ ದಾಖಲೆಯಲ್ಲೂ ಇರಲ್ಲ. ಮೊದಲೇ ಗಟ್ಟಿಮುಟ್ಟಾದ ಆಳು. ಅವನ ವಯಸ್ಸು, ಎತ್ತರದವರಿಗೆ ಇರಬೇಕಾದ್ದು ನೂರು ಅಂತಿಟ್ಟುಕೊಂಡರೆ, ಅವನ ಶ್ವಾಸಕೋಶದ ಬಲ ನೂರಿಪ್ಪತ್ತರಿಂದ ತೊಂಬತ್ತಕ್ಕೆ ಇಳಿದರೂ ರಿಪೋರ್ಟ್ ನಾರ್ಮಲ್ ಅಂತಲೇ ಬರುತ್ತದೆ. ಮುಂಚಿನ ಅಳತೆ ಇಲ್ಲದಿದ್ದರೆ ಕಳೆದುಕೊಂಡದ್ದು ಗೊತ್ತಾಗುವುದೇ ಇಲ್ಲ.

ಕೊನೆಗೆ 2022ರಲ್ಲಿ ಅಮೆರಿಕದಲ್ಲಿ ಪ್ಯಾಕ್ಟ್ ಕಾಯ್ದೆ ಬಂತು. ಇರಾಕ್, ಅಫ್ಘಾನಿಸ್ತಾನದಂಥ ಕಡೆ ದುಡಿದವರಿಗೆ ಈ ಕಾಯಿಲೆ ಬಂದರೆ ಸೇವೆಯಿಂದಲೇ ಬಂತು ಅಂತ ಸರ್ಕಾರ ಒಪ್ಪಿಕೊಳ್ಳುತ್ತದೆ. ಯಾರ ಹೆಸರನ್ನು ಕಾಯ್ದೆಗೆ ಇಟ್ಟರೋ ಆ ಯೋಧ ಹೀತ್ ರಾಬಿನ್ಸನ್ ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡದ್ದು 2020ರಲ್ಲಿ. ಅಷ್ಟು ತಡವಾಗಿ ಬಂದರೂ, ಬಂದದ್ದು ಒಳ್ಳೆಯದೇ.

ಆದರೆ ಪರಿಹಾರಕ್ಕಿಂತ ಮುಂಚಿನ ಕೆಲಸ ಇದೆ. ಯಾವ ದೇಶದ ಸೇನೆಯೇ ಇರಲಿ, ಬೆಂಕಿ ಆರಿಸುವವರನ್ನು ಕಳಿಸುವ ಮುಂಚೆ ಒಮ್ಮೆ ಊದಿಸಿ ಬರೆದಿಡಲಿ. ಬಂದ ಮೇಲೆ ಮತ್ತೆ ಊದಿಸಿ, ಅವರದ್ದೇ ಹಳೇ ಅಂಕಿಯ ಜೊತೆ ಹೋಲಿಸಲಿ. ಅಲ್ಲಿನ ಗಾಳಿಯಲ್ಲಿ ಏನಿತ್ತು ಅನ್ನುವುದೂ ಅದೇ ಕಡತದಲ್ಲಿ ಇರಲಿ.