ಶುಗರ್ ಇದ್ದವರ ತಾಟಿನ ಮೇಲೆ ನಮ್ಮ ಕಣ್ಣು

ನನ್ನ ಅಣ್ಣನ ಮಗಳಿಗೆ ಹನ್ನೊಂದನೆಯ ವಯಸ್ಸಿನಲ್ಲಿ ಟೈಪ್ 1 ಮಧುಮೇಹ, ಅಂದರೆ ದೇಹವೇ ಇನ್ಸುಲಿನ್ ತಯಾರಿಸದೆ ದಿನವೂ ಚುಚ್ಚಿಕೊಳ್ಳಬೇಕಾದ ಬಗೆಯದು, ಬಂದಿತು. ಹತ್ತೊಂಬತ್ತು ತುಂಬುವ ಹೊತ್ತಿಗೆ ಅವಳು ತೀರ ತೆಳ್ಳಗಾದಳು. ಧಾರವಾಡದಲ್ಲಿ ನಮ್ಮ ಬಳಗದ ಮದುವೆಯೊಂದರಲ್ಲಿ ಹಿರಿಯರೊಬ್ಬರು, "ಸಣ್ಣ ಆಗೀಯಲ್ಲವಾ ತಂಗಿ, ಈಗ ಭಾಳ ಚಂದ ಕಾಣಸ್ತಿ ನೋಡು" ಎಂದು ಅವಳ ಕೆನ್ನೆ ಸವರಿದಾಗ ನಾನೂ ಪಕ್ಕದಲ್ಲಿ ನಿಂತು ನಕ್ಕಿದ್ದೆ. ಹದಿನೈದು ದಿನಗಳಲ್ಲಿ ಅವಳು ವಾಂತಿ, ಹೊಟ್ಟೆನೋವು, ಏದುಸಿರಿನಿಂದ ಹುಬ್ಬಳ್ಳಿಯ ಆಸ್ಪತ್ರೆಯೊಂದಕ್ಕೆ ಸೇರಿದಳು. ಅಂದು ರಾತ್ರಿ ಮನೆಗೆ ಬಂದು ಫ್ರಿಜ್ ತೆರೆದರೆ, ಬೆಣ್ಣೆಯ ಡಬ್ಬಿಯ ಹಿಂದೆ ಎರಡು ತಿಂಗಳ ಇನ್ಸುಲಿನ್‌ನಲ್ಲಿ ಹೆಚ್ಚಿನದು ಸೀಲು ಒಡೆಯದೆ ಹಾಗೆಯೇ ಇತ್ತು.

ಯಾಕೆಂದು ಕೇಳಿದ್ದಕ್ಕೆ, "ಅತ್ತೀ, ಚುಚ್ಚಿಕೊಂಡ್ರ ನಾ ದಪ್ಪ ಆಗ್ತೀನಿ" ಎಂದಳು.

ಇನ್ಸುಲಿನ್ ಆರಂಭಿಸಿದಾಗ ಇಳಿದಿದ್ದ ತೂಕ ಮರಳಿ ಬರುವುದು ನಿಜ. ಆದರೆ ಅದನ್ನು ಬಿಟ್ಟರೆ ಉಂಡ ಅನ್ನದ ಸಕ್ಕರೆ ಜೀವಕೋಶಗಳನ್ನು ಸೇರದೆ ಮೂತ್ರದಲ್ಲಿ ಹರಿದುಹೋಗುತ್ತದೆ, ಹಸಿದ ದೇಹ ತನ್ನ ಕೊಬ್ಬನ್ನೂ ಸ್ನಾಯುಗಳನ್ನೂ ಕರಗಿಸಿಕೊಳ್ಳುತ್ತದೆ, ಕೊಬ್ಬು ಕರಗಿದಾಗ ಹುಟ್ಟುವ ಕೀಟೋನ್‌ಗಳು ರಕ್ತದಲ್ಲಿ ಹೆಚ್ಚಿ ಆಮ್ಲತೆ ಏರುತ್ತದೆ; ಚಿಕಿತ್ಸೆ ತಡವಾದರೆ ಜೀವವೇ ಹೋಗುತ್ತದೆ. ನಾವು ಚಂದವೆಂದು ಹೊಗಳಿದ್ದು ಈ ಸವೆತವನ್ನು. 1922ರ ಜನವರಿಯಲ್ಲಿ ಟೊರಾಂಟೊದ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಮೊದಲ ಬಾರಿ ಇನ್ಸುಲಿನ್ ಕೊಡುವವರೆಗೆ ಇಂಥ ಮಕ್ಕಳನ್ನು ಅರೆಹೊಟ್ಟೆಯಲ್ಲಿಟ್ಟು ಒಂದಷ್ಟು ದಿನ ಹೆಚ್ಚು ಉಳಿಸಿಕೊಳ್ಳುವುದಷ್ಟೇ ವೈದ್ಯರಿಂದ ಸಾಧ್ಯವಿತ್ತು. ಔಷಧಿ ಮನೆಯಲ್ಲಿದ್ದೂ ನಮ್ಮ ಹುಡುಗಿ ಅದೇ ಸ್ಥಿತಿಗೆ ಮರಳಿದ್ದಳು.

ಇದನ್ನು ಹಟವೆಂದು ಕರೆಯುವುದು ಅನ್ಯಾಯ. ಎಂಟು ವರ್ಷ ಪ್ರತಿ ತುತ್ತನ್ನೂ ಲೆಕ್ಕಹಾಕಿ ಉಂಡವಳು ಅವಳು. ರಕ್ತದಲ್ಲಿನ ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಹಸಿವಿಲ್ಲದಿದ್ದರೂ ಮೂರು ಚಮಚ ಸಕ್ಕರೆಯನ್ನು ಒಡನೆಯೇ ತಿನ್ನಬೇಕು. ಹಾಗೆ ಜೀವ ಉಳಿಸಿಕೊಳ್ಳಲು ತಿಂದದ್ದಕ್ಕೂ ಅವಳು ತಪ್ಪಿತಸ್ಥಳಂತೆ ಬಾಯಿ ಒರೆಸಿಕೊಳ್ಳುತ್ತಿದ್ದಳು. ಹೆಚ್ಚಾಗಿ ದೊಡ್ಡವರಾದ ಮೇಲೆ ಬರುವ ಟೈಪ್ 2 ಮಧುಮೇಹ ಇರುವ ಹಿರಿಯರದು ಬೇರೆ ಬಗೆ. ನಮ್ಮ ಕಾಕಾ ಹಗಲೆಲ್ಲ ಒಣ ರೊಟ್ಟಿ, ಪಲ್ಲೆಯಲ್ಲಿ ಕಳೆದು ನಡುರಾತ್ರಿ ಪೇಢೆಯ ಪೊಟ್ಟಣ ಮುಗಿಸುತ್ತಿದ್ದರು, ಮರುದಿನ ಪ್ರಾಯಶ್ಚಿತ್ತವೆಂಬಂತೆ ಗುಳಿಗೆ ನುಂಗಿ ಉಪವಾಸ ಕೂರುತ್ತಿದ್ದರು. ಕೆಲವು ಗುಳಿಗೆಗಳನ್ನು ಬರಿಹೊಟ್ಟೆಯಲ್ಲಿ ನುಂಗಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. "ನಿಮಗ ಶುಗರ್ ಅದ, ಅದನ್ನ ಮುಟ್ಟಬ್ಯಾಡ್ರಿ" ಎಂದು ಪಂಕ್ತಿಯಲ್ಲಿ ಎಲ್ಲರೆದುರು ಗದರಿದ ನಾವೇ ಅವರನ್ನು ಕದ್ದು ತಿನ್ನುವಂತೆ ಮಾಡಿದೆವು ಎಂದು ನನಗೆ ಈಗ ಅನ್ನಿಸುತ್ತದೆ.

ಪ್ರತಿ ಮೂರು ತಿಂಗಳ ತಪಾಸಣೆಯಲ್ಲಿ ವೈದ್ಯರು ಎಚ್‌ಬಿಎ1ಸಿ, ಅಂದರೆ ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತಿಳಿಸುವ ರಕ್ತಪರೀಕ್ಷೆ, ನೋಡಿ "ಪಥ್ಯ ಸರಿಯಿಲ್ಲ" ಎಂದು ಬರೆಯುತ್ತಿದ್ದರು. ಊಟಕ್ಕೆ ಕೂರುವಾಗ ಭಯವಾಗುತ್ತದೆಯೇ, ಇಂಜೆಕ್ಷನ್ ಬಿಟ್ಟಿದ್ದೀಯಾ ಎಂದು ಬೈಯದೆ ಕೇಳಿದ್ದರೆ ಅವಳು ಮೊದಲೇ ಹೇಳುತ್ತಿದ್ದಳೇನೋ. ಈಗ ಮಧುಮೇಹದ ವೈದ್ಯರು, ಆಹಾರತಜ್ಞರು, ಮನೋವೈದ್ಯರು ಮೂವರೂ ಒಟ್ಟಿಗೆ ಅವಳನ್ನು ನೋಡುತ್ತಿದ್ದಾರೆ. ಇನ್ಸುಲಿನ್ ಅನ್ನು ಅವರ ನಿಗಾದಲ್ಲಿಯೇ ಹಂತಹಂತವಾಗಿ ಸರಿಪಡಿಸಲಾಗುತ್ತಿದೆ. ನಮ್ಮ ಭಾಗದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ವಾಂತಿ, ಏದುಸಿರು ಕಂಡರೆ ಮಾತ್ರ ಯಾರಿಗೂ ಕಾಯದೆ ನೇರವಾಗಿ ಆಸ್ಪತ್ರೆಗೆ ಹೋಗಬೇಕು.

ಈ ಸಲದ ಶೀಗಿ ಹುಣ್ಣಿಮೆಗೆ ಹೊಲಕ್ಕೆ ಹೋದಾಗ ಅವಳು ಅರ್ಧ ಹೋಳಿಗೆ ಬಡಿಸಿಕೊಂಡು, ಲೆಕ್ಕ ಹಾಕಿ, ಬದುವಿನ ಮೇಲೆ ಕೂತು ಪೆನ್ನಿನಿಂದ ಇನ್ಸುಲಿನ್ ತೆಗೆದುಕೊಂಡಳು. ಅವಳ ತಾಟಿನ ಕಡೆ ನೋಡದೆ ನಾವು ಹೊಲಕ್ಕೆ ಚೆಲ್ಲುವ ಚರಗದ ಬುಟ್ಟಿ ಎತ್ತಿಕೊಂಡೆವು.