ಬಾಟಲಿ ಮೇಲಿನ ಹೆಸರಿಗೆ ಎಷ್ಟು ಕೊಡ್ತೀರಿ?

ನಮ್ಮ ಮನೆಯಲ್ಲಿ ಬ್ರಾಂದಿ ಅಂದ್ರೆ ಔಷಧಿ. ಹಾಸನದ ಮನೆಯಲ್ಲಿ ಅಪ್ಪನ ಬೀರುವಿನೊಳಗೆ, ಎಲ್‌ಐಸಿ ಕಾಗದಗಳ ಹಿಂದೆ, ಒಂದು ಕ್ವಾರ್ಟರ್ ಬಾಟಲಿ ವರ್ಷಗಟ್ಟಲೆ ಕೂತಿರುತ್ತಿತ್ತು. ಮಳೆಗಾಲದಲ್ಲಿ ಯಾರಿಗಾದರೂ ಶೀತ ಜೋರಾದರೆ ಬಿಸಿನೀರಿಗೆ ಒಂದು ಮುಚ್ಚಳ. ಕುಡಿದವರು ಮುಖ ಕಿವುಚಲೇಬೇಕು. ಕಿವುಚದಿದ್ದರೆ ಔಷಧಿ ಹತ್ತಿಲ್ಲ ಅಂತ ಲೆಕ್ಕ.

ದುಬೈಗೆ ಕೆಲಸಕ್ಕೆ ಬಂದ ಮೇಲೆ ಬ್ರಾಂದಿಗೆ ಇನ್ನೊಂದು ಮುಖ ಇದೆ ಅಂತ ಗೊತ್ತಾಯಿತು. ಅದರ ಹೆಸರು ಕೊನ್ಯಾಕ್, ಫ್ರಾನ್ಸಿನ ದುಬಾರಿ ಬ್ರಾಂದಿ. ಏರ್‌ಪೋರ್ಟ್ ಅಂಗಡಿಯಲ್ಲಿ ಅತ್ತರಿನ ಸೀಸೆ ಇಟ್ಟ ಹಾಗೆ ಲೈಟು ಬಿಟ್ಟು ಇಟ್ಟಿರುತ್ತಾರೆ. ಅದನ್ನು ಕೊಳ್ಳುವವರಲ್ಲಿ ಅರ್ಧ ಜನ ಕುಡಿಯೋಕೆ ಕೊಳ್ಳಲ್ಲ, ಕೊಡೋಕೆ ಕೊಳ್ಳುತ್ತಾರೆ. ನಾನೂ ಒಂದೆರಡು ಸಲ ಕೊಟ್ಟಿದ್ದೇನೆ. ನನಗೆ ಅಂತ ಕೊಂಡಿದ್ದು ಒಂದೇ ಸಲ. ಚೆನ್ನಾಗಿತ್ತು. ಆದರೆ ಪ್ರತಿ ಗುಟುಕಿಗೂ ಇದು ಎಷ್ಟು ದಿರ್ಹಮ್ ಆಯಿತು ಅಂತ ಮನಸ್ಸು ಲೆಕ್ಕ ಹಾಕುತ್ತಿದ್ದರೆ ರುಚಿ ಎಲ್ಲಿಂದ ಸಿಗಬೇಕು?

ಗಲ್ಫಿನಲ್ಲಿರುವ ನಮ್ಮವರಿಗೆ ಈದ್ ರಜೆ ಬಂತು ಅಂದ್ರೆ ಜಾರ್ಜಿಯಾ ಇಲ್ಲಾ ಆರ್ಮೇನಿಯಾ. ವಿಮಾನದಲ್ಲಿ ಮೂರು ಗಂಟೆ, ವೀಸಾ ಸಲೀಸು, ಚಳಿ ಫ್ರೀ. ಹಾಗೆ ಹೋದೆ ಆರ್ಮೇನಿಯಾದ ರಾಜಧಾನಿ ಯೆರೆವಾನ್‌ಗೆ. ಹಾಲು, ಮೊಸರು ತರೋಣ ಅಂತ ಒಂದು ಸೂಪರ್‌ಮಾರ್ಕೆಟ್‌ಗೆ ಹೊಕ್ಕರೆ ಒಂದಿಡೀ ಗೋಡೆ ತುಂಬ ಬ್ರಾಂದಿ. ನಮ್ಮಲ್ಲಿ ಅಡುಗೆ ಎಣ್ಣೆ ಜೋಡಿಸಿದ ಹಾಗೆ ಜೋಡಿಸಿದ್ದರು. ಮೂರು ನಕ್ಷತ್ರ, ಐದು ನಕ್ಷತ್ರ (ನಕ್ಷತ್ರವೂ ವಯಸ್ಸಿನ ಗುರುತೇ), ಹತ್ತು ವರ್ಷ, ಹದಿನೈದು, ಇಪ್ಪತ್ತು. ಅರಾರತ್ ಕಂಪನಿಯ ಹತ್ತು ವರ್ಷದ ಅಖ್ತಮಾರ್ ತೆಗೆದುಕೊಂಡೆ. ರೂಮಿಗೆ ಬಂದು ಚಹಾದ ಗ್ಲಾಸಿಗೇ ಸುರಿದೆ. ಒಣದ್ರಾಕ್ಷಿ, ಸ್ವಲ್ಪ ಚಾಕೊಲೇಟ್, ಕೊನೆಗೆ ಬೆಲ್ಲದ ಪಾಕ ಕಾಯಿಸುವಾಗ ಬರುವಂಥ ಒಂದು ಘಮ. ಗಂಟಲು ಸುಡಲಿಲ್ಲ. ಮುಖ ಕಿವುಚಲೂ ಇಲ್ಲ.

ಯಾಕೆ ಹೀಗೆ ಅಂತ ಕೇಳಿದರೆ ಉತ್ತರ ಸರಳ. ನಮ್ಮಲ್ಲಿ ಬ್ರಾಂದಿ ಅಂತ ಅಗ್ಗಕ್ಕೆ ಸಿಗೋದರಲ್ಲಿ ಹೆಚ್ಚಿನದು ಕಾಕಂಬಿಯಿಂದ ತೆಗೆದ ಸ್ಪಿರಿಟ್ಟು. ಅದಕ್ಕೆ ಬಣ್ಣ, ವಾಸನೆ, ಕೆಲವಕ್ಕೆ ಒಂದಿಷ್ಟು ದ್ರಾಕ್ಷಿ ಸ್ಪಿರಿಟ್ಟು ಸೇರಿಸಿರುತ್ತಾರೆ. ಬ್ರಾಂದಿ ಅನ್ನೋ ಮಾತೇ ಡಚ್ಚರ 'ಬ್ರಾಂಡೆವೈನ್'ನಿಂದ ಬಂದದ್ದು, ಅಂದರೆ ಸುಟ್ಟ ವೈನು. ದ್ರಾಕ್ಷಿ ವೈನನ್ನು ಬಟ್ಟಿ ಇಳಿಸಿ, ಓಕ್ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಮಲಗಿಸಬೇಕು. ಕೊನ್ಯಾಕ್ ಕೂಡ ಇದೇ. ಫ್ರಾನ್ಸಿನ ಕೊನ್ಯಾಕ್ ಊರಿನ ಸುತ್ತಲಿನ ಸೀಮೆಯ ದ್ರಾಕ್ಷಿ ಆಗಿರಬೇಕು, ತಾಮ್ರದ ಹಂಡೆಯಲ್ಲಿ ಎರಡು ಸಲ ಇಳಿಸಿರಬೇಕು, ಅಷ್ಟೆ. ಆ ಸೀಮೆಯ ಗಡಿಯನ್ನು 1909ರಲ್ಲಿ ಸರ್ಕಾರವೇ ಗೆರೆ ಎಳೆದು ಗೊತ್ತುಮಾಡಿತು. ಆಮೇಲೆ ಗೆರೆಯ ಒಳಗಿನದಕ್ಕೆ ಒಂದು ಬೆಲೆ, ಹೊರಗಿನದಕ್ಕೆ ಇನ್ನೊಂದು.

ಒಂದು ಲೆಕ್ಕ ನೋಡಿ. ಕೊನ್ಯಾಕ್ ಬಾಟಲಿ ಮೇಲೆ ವಿ.ಎಸ್. ಅಂತಿದ್ದರೆ ಅದರಲ್ಲಿ ಬೆರೆಸಿದ ಅತಿ ಎಳೆಯ ಸ್ಪಿರಿಟ್ಟಿಗೆ ಕನಿಷ್ಠ 2 ವರ್ಷ. ವಿ.ಎಸ್.ಒ.ಪಿ. ಅಂದರೆ 4. ಎಕ್ಸ್.ಒ. ಅಂದರೆ 2018ರಿಂದ 10, ಅದಕ್ಕೂ ಮುಂಚೆ ಬರೀ 6. ದುಬೈನಲ್ಲಿ ನಾನು ವಿ.ಎಸ್.ಒ.ಪಿ.ಗೆ ಕೊಟ್ಟ ದುಡ್ಡಿಗೆ ಯೆರೆವಾನ್‌ನಲ್ಲಿ ಹತ್ತು ವರ್ಷದ್ದು ಬಂತು, ಮೇಲೆ ಒಂದು ಹೊತ್ತಿನ ಊಟವೂ ಆಯಿತು. ವಯಸ್ಸೊಂದೇ ರುಚಿ ಅಲ್ಲ, ಒಪ್ಪುತ್ತೇನೆ. ಆದರೂ ಲೆಕ್ಕ ಲೆಕ್ಕವೇ ಅಲ್ವಾ?

ಈಗ ಹೆಸರಿನ ವಿಷಯ. ನನಗೆ ಬ್ರಾಂದಿಗಿಂತ ಜಾಸ್ತಿ ಹಿಡಿಸಿದ್ದು ಇದು. ಆಕಾಶ ತಿಳಿಯಾಗಿದ್ದರೆ ಯೆರೆವಾನ್‌ನ ಎಷ್ಟೋ ಕಡೆಯಿಂದ ಅರಾರತ್ ಬೆಟ್ಟ ಕಾಣುತ್ತದೆ. ಆದರೆ ಬೆಟ್ಟ ಇರುವುದು ಟರ್ಕಿಯಲ್ಲಿ. 1993ರಲ್ಲಿ ಆ ಗಡಿ ಮುಚ್ಚಿತು. ಇನ್ನೊಂದು ಬಾಟಲಿಯ ಹೆಸರು ಆನಿ. ಅದು ಹಳೆಯ ಆರ್ಮೇನಿಯಾದ ರಾಜಧಾನಿ, ಈಗ ಗಡಿಯ ಆಚೆ ದಡದಲ್ಲಿ ಹಾಳು ಬಿದ್ದಿದೆ. ಅಖ್ತಮಾರ್ ವಾನ್ ಸರೋವರದ ಒಂದು ದ್ವೀಪ. ಅದೂ ಟರ್ಕಿಯಲ್ಲೇ. ಹದಿನೈದು ವರ್ಷದ ಬಾಟಲಿಯ ಹೆಸರು ವಾಸ್ಪುರಕಾನ್, ಅದೇ ವಾನ್ ಸರೋವರದ ಸುತ್ತ ಇದ್ದ ಒಂದು ರಾಜ್ಯ. ಕಳೆದುಕೊಂಡ ಊರುಗಳನ್ನೆಲ್ಲ ಲೇಬಲ್ಲಿನ ಮೇಲೆ ಉಳಿಸಿಕೊಂಡಿದ್ದಾರೆ ಇವರು. ಇದನ್ನು ತಿಳಿದ ಮೇಲೆ ಆ ಸೂಪರ್‌ಮಾರ್ಕೆಟ್ ಗೋಡೆ ನನಗೆ ಬೇರೆಯೇ ಥರ ಕಂಡಿತು.

ಅಂಥವರು ಬಾಟಲಿಯೊಳಗಿನ ಸರಕಿಗೆ ಮಾತ್ರ ಫ್ರೆಂಚರ ಹೆಸರನ್ನೇ ಕಟ್ಟಿಕೊಂಡರು. ಈ ಅರಾರತ್ ಕಂಪನಿ 1887ರಲ್ಲಿ ನೆರ್ಸೆಸ್ ತಾಯಿರ್ಯಾನ್ ಅನ್ನೋ ವ್ಯಾಪಾರಿ ಶುರುಮಾಡಿದ್ದು. 1899ರಲ್ಲಿ ರಷ್ಯಾದ ಶುಸ್ತೋವ್ ಕಂಪನಿ ಕೊಂಡುಕೊಂಡಿತು. ಸೋವಿಯತ್ ಕಾಲದಲ್ಲಿ ಸರ್ಕಾರದ್ದಾಯಿತು. 1998ರಲ್ಲಿ ಕೊಂಡವರು ಯಾರು ಗೊತ್ತಾ? ಫ್ರಾನ್ಸಿನ ಪೆರ್ನೋ ರಿಕಾರ್. ಕೊನ್ಯಾಕ್ ಮಾರುವವರೇ! ಇಡೀ ಸೋವಿಯತ್ ಒಕ್ಕೂಟ ಆರ್ಮೇನಿಯಾದ ಬ್ರಾಂದಿಯನ್ನು ಕೊನ್ಯಾಕ್ ಅಂತಲೇ ಕುಡಿಯಿತು. ಈಗ ಐರೋಪ್ಯ ಒಕ್ಕೂಟದ ಜೊತೆ 2017ರಲ್ಲಿ ಮಾಡಿಕೊಂಡ ಒಪ್ಪಂದದ ಪ್ರಕಾರ ಆ ಹೆಸರನ್ನು ಹಂತಹಂತವಾಗಿ ಬಿಟ್ಟುಕೊಡಬೇಕು. ಜರ್ಮನರಿಗೂ ಹೀಗೇ ಆಗಿತ್ತು. ಮೊದಲ ಮಹಾಯುದ್ಧ ಸೋತ ಮೇಲೆ ವರ್ಸೇಲ್ಸ್ ಒಪ್ಪಂದದಿಂದಾಗಿ ಕೊನ್ಯಾಕ್ ಅನ್ನೋ ಮಾತನ್ನು ಕೈಬಿಟ್ಟರು.

ನನ್ನ ಅಭಿಪ್ರಾಯ ಕೇಳಿದರೆ, ಆರ್ಮೇನಿಯಾದವರು ಆ ಹೆಸರು ಬಿಡುವುದೇ ಒಳ್ಳೆಯದು. 'ಅಗ್ಗದ ಕೊನ್ಯಾಕ್' ಅಂತ ಕರೆಸಿಕೊಂಡಷ್ಟು ದಿನ ಅದು ಎರಡನೇ ದರ್ಜೆಯದ್ದಾಗಿಯೇ ಉಳಿಯುತ್ತದೆ. ಅಲ್ಲಿನ ದ್ರಾಕ್ಷಿ ಬೇರೆ: ವೊಸ್ಕೆಹಾತ್, ಗರಾನ್ ದ್ಮಾಕ್, ಕಂಗೂನ್. ಪೀಪಾಯಿಯ ಓಕ್ ಕಾಕಸಸ್ ಸೀಮೆಯದು. ರುಚಿ ಕೊನ್ಯಾಕ್‌ಗಿಂತ ಸಿಹಿ, ತುಸು ದಪ್ಪ. ಬೇರೆ ಸರಕಿಗೆ ಬೇರೆ ಹೆಸರೇ ಚಂದ.

ಹಾಗಂತ ಎಲ್ಲವೂ ಚೆನ್ನ ಅಂತಿಲ್ಲ. ಮೂರು ನಕ್ಷತ್ರದ್ದು ಕೋಲಾಗೆ ಬೆರೆಸೋಕೆ ಸರಿ. ಪ್ರವಾಸಿಗಳಿಗೆ ಅಂತಲೇ ಕತ್ತಿ, ಬೂಟು, ದ್ರಾಕ್ಷಿಗೊಂಚಲು ಆಕಾರದ ಬಾಟಲಿಗಳು ಸಿಗುತ್ತವೆ. ನಾನು ಮರುಳಾಗಿ ಒಂದು ಕತ್ತಿ ತಂದೆ. ಒಳಗಿದ್ದದ್ದು ಅಪ್ಪನ ಕ್ವಾರ್ಟರ್ ಬಾಟಲಿಯ ಸ್ವಂತ ತಮ್ಮ. ಕತ್ತಿ ಈಗ ಶೋಕೇಸಿನಲ್ಲಿದೆ, ಖಾಲಿ ಮಾಡಿದ್ದು ಸಿಂಕು. ಇನ್ನು ಗೈಡುಗಳು ಚರ್ಚಿಲ್ ಕಥೆ ಹೇಳದೆ ಬಿಡಲ್ಲ. ಎರಡನೇ ಮಹಾಯುದ್ಧದ ಕೊನೆಗೆ ಯಾಲ್ಟಾದಲ್ಲಿ ನಡೆದ ಸಭೆಯಲ್ಲಿ ಸ್ಟಾಲಿನ್ ರುಚಿ ತೋರಿಸಿದನಂತೆ, ಆಮೇಲೆ ಚರ್ಚಿಲ್‌ಗೆ ಪೆಟ್ಟಿಗೆಗಟ್ಟಲೆ ಹೋಗುತ್ತಿತ್ತಂತೆ. ಕಥೆಗೆ ತಲೆಯಾಡಿಸಿ, ಆದರೆ ಅದಕ್ಕೆ ಅಂತ ಜಾಸ್ತಿ ದುಡ್ಡು ಕೊಡಬೇಡಿ.

ಆಫೀಸಿನಲ್ಲಿ ಇದನ್ನೆಲ್ಲ ಹೇಳುತ್ತಿದ್ದರೆ ಗೆಳೆಯನೊಬ್ಬ "ಓಹ್, ಆರ್ಮನ್ಯಾಕ್ ಅಂದ್ರೆ ಇದೇನಾ?" ಅಂದ. ಅಲ್ಲ ಮಾರಾಯ. ಅದು ಫ್ರಾನ್ಸಿನದ್ದೇ, ಗ್ಯಾಸ್ಕನಿ ಸೀಮೆಯದು. ಕೊನ್ಯಾಕ್‌ಗಿಂತ ಹಳೆಯದು, ಹೆಚ್ಚಾಗಿ ಒಂದೇ ಸಲ ಬಟ್ಟಿ ಇಳಿಸಿದ್ದು, ರುಚಿ ಸ್ವಲ್ಪ ಒರಟು. ಜಾಹೀರಾತಿನ ಗದ್ದಲ ಕಮ್ಮಿ, ಹಾಗಾಗಿ ಅದೇ ವಯಸ್ಸಿನದ್ದು ಎಷ್ಟೋ ಸಲ ಕಮ್ಮಿಗೇ ಸಿಗುತ್ತದೆ. ಸ್ಪೇನಿನ ಹೆರೆಜ್ ಬ್ರಾಂದಿ ಶೆರಿ (ಅಲ್ಲಿನ ಒಂದು ಬಗೆಯ ಗಟ್ಟಿ ವೈನು) ತುಂಬಿದ್ದ ಪೀಪಾಯಿಯಲ್ಲಿ ಬೆಳೆಯುತ್ತದೆ, ಸಿಹಿ ಇಷ್ಟಪಡುವವರಿಗೆ. 'ಸೊಲೆರಾ ಗ್ರಾನ್ ರಿಸರ್ವಾ', ಅಂದರೆ ಹೆಚ್ಚು ಕಾಲ ಬೆಳೆದದ್ದು, ಅಂತ ಬರೆದದ್ದನ್ನೇ ನೋಡಿ ತೆಗೆದುಕೊಳ್ಳಿ. ಜಾರ್ಜಿಯಾಗೆ ಹೋದವರು ಸರಾಜಿಶ್ವಿಲಿ ನೋಡಬಹುದು, 1884ರ ಕಂಪನಿ. ದಕ್ಷಿಣ ಆಫ್ರಿಕಾದ ಪಾಟ್‌ಸ್ಟಿಲ್ (ಹಂಡೆಯಲ್ಲಿ ಬಟ್ಟಿ ಇಳಿಸಿದ) ಬ್ರಾಂದಿ ನನಗೆ ಇನ್ನೂ ಸಿಕ್ಕಿಲ್ಲ. ಅಲ್ಲಿಂದ ಯಾರಾದರೂ ಬರುವವರಿದ್ದರೆ ಇನ್‌ಬಾಕ್ಸಿಗೆ ಬನ್ನಿ!

ಕಳೆದ ರಜೆಯಲ್ಲಿ ಊರಿಗೆ ಒಂದು ಅಖ್ತಮಾರ್ ಒಯ್ದೆ. ಅಪ್ಪ ಮೊದಲು ಮುಚ್ಚಳ ಹುಡುಕಿದರು, ಅಳೆಯೋಕೆ. ಇದಕ್ಕೆ ಬಿರಡೆ. ಕೊನೆಗೆ ಸ್ಟೀಲ್ ಲೋಟಕ್ಕೆ ಒಂದಿಷ್ಟು ಬಗ್ಗಿಸಿಕೊಂಡು ಗುಟುಕರಿಸಿದರು. ನಾವೆಲ್ಲ ಅವರ ಮುಖವನ್ನೇ ನೋಡುತ್ತಿದ್ದೆವು. ಏನೂ ಆಗಲಿಲ್ಲ.

"ಇದರಲ್ಲಿ ಜೋರೇ ಇಲ್ವಲ್ಲೋ. ಶೀತಕ್ಕೆ ಆಗಲ್ಲ ಇದು" ಅಂದರು. ಆಮೇಲೆ ಲೋಟ ಪೂರ್ತಿ ಮುಗಿಸಿ, ಬಿರಡೆ ಒತ್ತಿ, ಬಾಟಲಿಯನ್ನು ತಾವೇ ಎತ್ತಿಕೊಂಡು ಹೋಗಿ ಎಲ್‌ಐಸಿ ಕಾಗದಗಳ ಹಿಂದೆ ಇಟ್ಟು ಬೀರುವಿಗೆ ಬೀಗ ಹಾಕಿದರು.