ಮಾತಿಲ್ಲದ ಒಂದು ನಿಮಿಷ

ಮೊನ್ನೆ ಕಲಬುರಗಿಯಲ್ಲಿ ವಿಡಿಯೊ ಮಾಡುವ ಹುಡುಗರಿಗೆ ಒಂದು ಕಾರ್ಯಾಗಾರ ಇತ್ತು. ವಿಷಯ: ‘ಮಾತು ಬೇಡ, ಚಿತ್ರವೇ ಕಥೆ ಹೇಳಲಿ’. ಉದ್ಘಾಟನೆಯ ಭಾಷಣಗಳೇ ಎರಡು ಗಂಟೆ ನಡೆದವು.

ಮುಖ್ಯ ಅತಿಥಿಗಳು ಸನ್ನತಿ ಹತ್ತಿರದ ಕನಗನಹಳ್ಳಿಯನ್ನು ನೆನೆದರು. ಭೀಮಾ ದಂಡೆಯ ಆ ಬೌದ್ಧ ಸ್ತೂಪವನ್ನು 1990ರ ದಶಕದಲ್ಲಿ ಅಗೆದಾಗ ಅಶೋಕನನ್ನು ಕೆತ್ತಿದ ಕಲ್ಲು ಸಿಕ್ಕಿತು. ರಾಣಿ, ಸೇವಕಿಯರು ಎಲ್ಲ ಇದ್ದಾರೆ. ಬರಹ ಮಾತ್ರ ಬ್ರಾಹ್ಮಿಯಲ್ಲಿ ‘ರಾಯ ಅಸೋಕೋ’. ಎರಡೇ ಪದ. ಆ ಎರಡು ಪದದ ಮೇಲೆ ಅತಿಥಿಗಳು ಮುಕ್ಕಾಲು ಗಂಟೆ ಮಾತಾಡಿದರು. ಪಾಪ, ಆ ಶಿಲ್ಪಿಯ ಕೈಗೆ ಮೈಕ್ ಸಿಕ್ಕಿರಲಿಲ್ಲ.

ಆಮೇಲೆ ಸಂಪನ್ಮೂಲ ವ್ಯಕ್ತಿ ರಷ್ಯಾದ ಸಿನಿಮಾ ನಿರ್ದೇಶಕ ಲೆವ್ ಕುಲೆಶೋವ್‌ನ ಪ್ರಯೋಗ ವಿವರಿಸಿದರು. ಸುಮಾರು ನೂರು ವರ್ಷದ ಹಿಂದಿನ ಮಾತು. ಒಬ್ಬ ನಟನ ಮುಖ, ಅದರಲ್ಲಿ ಭಾವ ಏನೂ ಇಲ್ಲ. ಅದರ ಹಿಂದೆಯೇ ಸೂಪಿನ ಬಟ್ಟಲಿನ ದೃಶ್ಯ ಜೋಡಿಸಿದರೆ ಹಸಿದಿದ್ದಾನೆ ಅನ್ನಿಸುತ್ತೆ. ಶವಪೆಟ್ಟಿಗೆಯ ಮಗು ಜೋಡಿಸಿದರೆ ದುಃಖದಲ್ಲಿದ್ದಾನೆ ಅನ್ನಿಸುತ್ತೆ. ಮುಖ ಮಾತ್ರ ಅದೇ! ತೋರಿಸಿದ್ದರೆ ಅರ್ಧ ನಿಮಿಷದ ಕೆಲಸ. ಆದರೆ ಇದ್ದ ಒಂದೇ ಪ್ಲಗ್ ಮೈಕಿಗೆ ಬೇಕಿತ್ತಲ್ಲ. ಹಾಗಾಗಿ ಸರ್ ಎಲ್ಲವನ್ನೂ ಬಾಯಲ್ಲೇ ತೋರಿಸಿದರು. ಹಸಿವಿನ ಭಾಗ ಮಾತ್ರ ಚೆನ್ನಾಗಿ ಅರ್ಥವಾಯಿತು. ಹೊರಗಿನಿಂದ ಪುಂಡಿಪಲ್ಯದ ವಾಸನೆ ಬರುತ್ತಿತ್ತು.

ಊಟವಾದ ಮೇಲೆ ಒಂದು ನಿಮಿಷದ ಮೂಕ ವಿಡಿಯೊ ಮಾಡಿಕೊಂಡು ಬರಲು ಹೇಳಿದರು. ಒಬ್ಬ ಹುಡುಗಿ ತನ್ನ ಓಣಿಯ ನಳ ತೋರಿಸಿದಳು. ಪ್ಲಾಸ್ಟಿಕ್ ಕೊಡಗಳ ಸಾಲು. ಕೊನೆಯ ಕೊಡ ಸಿಗಬೇಕಾದರೆ ಕ್ಯಾಮೆರಾ ಓಣಿಯ ಮೂಲೆ ದಾಟಬೇಕಾಯಿತು. ನಳದ ತುದಿಯಲ್ಲಿ ಒಂದು ಹನಿ. ಅದರ ಹಿಂದೆಯೇ, ಬೆಳಗ್ಗೆ ಹಾರ ಹಾಕಿಸಿಕೊಂಡು ನಗುತ್ತಿದ್ದ ಅತಿಥಿಗಳ ಮುಖ. ಮತ್ತೆ ಹನಿ. ಮತ್ತೆ ಮುಖ. ಅಷ್ಟೇ.

ಹಾಲ್ ಬಿದ್ದು ಬಿದ್ದು ನಕ್ಕಿತು. ಬೆಳಗಿನ ಪಾಠ ಹುಡುಗಿಯ ತಲೆಗೆ ಹತ್ತಿತ್ತು. ಅತಿಥಿಗಳಿಗೆ ಉರಿ ಹತ್ತಿತು.

‘ತಂಗಿ, ಛಲೋ ಮಾಡೀದಿ. ಆದ್ರ ಹಿಂಗ ಸುಮ್ನ ಬಿಟ್ರ ಜನಕ್ಕ ತಪ್ಪು ತಿಳೀತದ. ಸ್ವಲ್ಪ ಮಾತು ಹಾಕು’ ಎಂದರು.

ಮಾತನ್ನು ಅವರ ಕಡೆಯವರೇ ಬರೆದುಕೊಟ್ಟರು. ಸಂಜೆ ಸಮಾರೋಪದಲ್ಲಿ ಅದೇ ಕೊಡ, ಅದೇ ಹನಿ, ಅದೇ ನಗು. ಹಿಂದೆ ಕೊಳಲು. ಅದರ ಮೇಲೆ ಗಟ್ಟಿ ಗಂಡು ದನಿ: ‘ನಮ್ಮ ಜನರ ಶಿಸ್ತು ನೋಡಿ! ಕೊಡಗಳನ್ನೂ ಸಾಲಾಗಿ ನಿಲ್ಲಿಸುತ್ತಾರೆ. ಒಂದು ಹನಿಯನ್ನೂ ಪೋಲು ಮಾಡುವುದಿಲ್ಲ!’

ಅದಕ್ಕೇ ಮೊದಲ ಬಹುಮಾನ ಬಂತು. ಒಂದು ಮೈಕ್.